ಗೌಡ ಬಿದ್ದ ಕಥೆಗೆ ದನಿ ಹುಡುಕಿದ್ದು

ನಮ್ಮ ಶಿರಸಿ ಕಡೆ ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವವನನ್ನು ಕೊನೆಗೌಡ ಅನ್ನುತ್ತೇವೆ. ನಾನು ಚಿಕ್ಕವನಿದ್ದಾಗ ನಮ್ಮ ತೋಟದಲ್ಲಿ ಒಬ್ಬ ಕೊನೆಗೌಡ ಮರದಿಂದ ಬಿದ್ದು ತೀರಿಕೊಂಡ. ಅದನ್ನು ಕಥೆ ಮಾಡಬೇಕು ಅಂತ ಎಷ್ಟೋ ವರ್ಷ ಒದ್ದಾಡಿದೆ. ಘಟನೆ ಗೊತ್ತು, ಜನ ಗೊತ್ತು, ತೋಟದ ಒಂದೊಂದು ಕಾಲುವೆ ಗೊತ್ತು. ದನಿ ಮಾತ್ರ ಕೂಡುತ್ತಿರಲಿಲ್ಲ.

ಮೊದಲ ಪ್ರತಿ ಹೀಗೆ ಶುರುವಾಗಿತ್ತು: ‘ಆ ಕರಾಳ ದಿನ ನೆನೆದರೆ ಇಂದಿಗೂ ಎದೆ ನಡುಗುತ್ತದೆ.’ ಈಗ ಓದಿದರೆ ನಾಚಿಕೆಯಾಗುತ್ತದೆ. ಕಾರವಾರದ ಬೀಚಿನಲ್ಲಿ ಕೂತು ಗೆಳೆಯನಿಗೆ ಓದಿ ಹೇಳಿದೆ. ಅವನು ಶೇಂಗಾ ತಿನ್ನುತ್ತಾ ಪೂರ್ತಿ ಕೇಳಿ, ‘ಅಳೋದೆಲ್ಲ ನೀನೇ ಅತ್ತು ಮುಗಿಸಿದೆಯಲ್ಲೋ ಮಾರಾಯಾ, ನಮಗೇನು ಉಳಿಸಿದ್ದೀ?’ ಅಂದ.

ಆ ಬೀಚಿಗೆ ಟ್ಯಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ರವೀಂದ್ರರು ಬಂದು ಉಳಿದಿದ್ದರು. ಅದೇ ನೆಪವಾಗಿ, ಮನೆಗೆ ಹೋಗಿ ಅವರ ‘ಪೋಸ್ಟ್‌ಮಾಸ್ಟರ್’ ತೆಗೆದೆ. 1891ರ ಕಥೆ. ಹಿಂದೆ ಓದಿದಾಗ ಬರೀ ದುಃಖದ ಕಥೆ ಅನ್ನಿಸಿತ್ತು. ಈ ಸಲ ಪೆನ್ಸಿಲ್ ಹಿಡಿದು ಕೂತೆ. ನೋಡಿದರೆ ಶುರುವಿನಲ್ಲಿ ದುಃಖವೇ ಇಲ್ಲ, ತುಂಟತನ ಇದೆ. ಕಲ್ಕತ್ತೆಯ ಹುಡುಗ ಹಳ್ಳಿಗೆ ಬಂದು ದಡಕ್ಕೆ ಬಿದ್ದ ಮೀನಾಗಿದ್ದಾನೆ. ವರ್ಗಾವಣೆ ಸಿಗದೆ ಕೆಲಸ ಬಿಟ್ಟು ಹೊರಡುವಾಗ, ಮನೆಗೆಲಸದ ಅನಾಥ ಹುಡುಗಿ ರತನ್ ‘ನನ್ನನ್ನೂ ಕರೆದುಕೊಂಡು ಹೋಗ್ತೀರಾ’ ಅಂತ ಕೇಳುತ್ತಾಳೆ. ಅವನು ನಗುತ್ತಾನೆ, ಅದು ಹೇಗಾಗುತ್ತೆ ಅಂತ. ಆ ನಗುವಿಗೆ ಕಥೆಗಾರ ಒಂದು ಬೈಗುಳವನ್ನೂ ಸೇರಿಸಿಲ್ಲ. ದೋಣಿ ಹೊರಟ ಮೇಲೆ ವಾಪಸ್ ಹೋಗಲಾ ಅಂತ ಅವನಿಗೂ ಅನ್ನಿಸುತ್ತದೆ. ಅಷ್ಟರಲ್ಲಿ ಹಾಯಿಗೆ ಗಾಳಿ ತುಂಬಿಬಿಟ್ಟಿದೆ. ಅವನು ಒಂದಿಷ್ಟು ತತ್ವ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಾನೆ. ರತನ್‌ಗೆ ಆ ತತ್ವವೂ ಇಲ್ಲ. ಆ ತೆಳು ಚುಚ್ಚುವಿಕೆ ಇಲ್ಲದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಮೆರಿಕದ ಕಥೆಗಾರ್ತಿ ಶರ್ಲಿ ಜಾಕ್ಸನ್‌ರ 1948ರ ‘ದಿ ಲಾಟರಿ’ ಕಥೆಯಲ್ಲೂ ಹೀಗೇ. ಬಿಸಿಲು, ಹೂವು, ಹಸಿರು ಹುಲ್ಲು, ಕಲ್ಲು ಆರಿಸಿ ಗುಡ್ಡೆ ಹಾಕುವ ಹುಡುಗರು. ಆ ಕಲ್ಲು ಲಾಟರಿಯಲ್ಲಿ ಚೀಟಿ ಬಂದವರನ್ನು ಹೊಡೆದು ಕೊಲ್ಲಲಿಕ್ಕೆ ಅಂತ ಗೊತ್ತಾದಾಗಲೂ ದನಿ ಏರುವುದಿಲ್ಲ.

ಸರಿ, ನನ್ನ ಎದೆ ನಡುಗಿದ್ದನ್ನೆಲ್ಲ ಹೊಡೆದುಹಾಕಿದೆ. ಆದರೆ ಎರಡನೇ ಪ್ರತಿಯಲ್ಲಿ ಹೊಸ ತಪ್ಪು. ‘ಗೌಡರು ಬಂದರು, ಗೌಡರು ಮರ ಹತ್ತಿದರು’ ಅಂತ ಬರೆದಿದ್ದೆ. ಮರ್ಯಾದೆ ಕೊಡೋಣ ಅಂತ. ಓದಿದರೆ ಪೂರ್ತಿ ಸುಳ್ಳು! ನಮ್ಮ ಮನೆಯಲ್ಲಿ ಅಪ್ಪನಿಗಿಂತ ಹಿರಿಯನಾದ ಆ ಮನುಷ್ಯನಿಗೆ ಚೋಟುದ್ದದ ನಾನೂ ‘ಅವ ಬಂದ’ ಅನ್ನುತ್ತಿದ್ದೆ. ಕನ್ನಡದಲ್ಲಿ ಕ್ರಿಯಾಪದದ ಬಾಲ ನೋಡಿದರೇ ಹೇಳುವವ ಎಲ್ಲಿ ನಿಂತಿದ್ದಾನೆ ಅಂತ ಗೊತ್ತಾಗಿಬಿಡುತ್ತದೆ ಅಲ್ವಾ? ಎಲ್ಲ ಕಡೆ ‘ಬಂದ’, ‘ಹತ್ತಿದ’ ಅಂತ ತಿದ್ದಿದೆ. ಆ ಏಕವಚನ ನನಗೇ ಚುಚ್ಚತೊಡಗಿತು. ಚುಚ್ಚಲಿ ಅಂತ ಬಿಟ್ಟೆ.

ಮೂರನೇ ಪ್ರತಿ ಕೆಲಸದಿಂದಲೇ ಶುರುವಾಯಿತು. ಗೌಡ ಮೇಲಿಂದ ಹಗ್ಗದಲ್ಲಿ ಕೊನೆ ಇಳಿಸುವುದು, ಕೆಳಗೊಬ್ಬ ಹಿಡಿಯುವುದು, ನಾವು ಹುಡುಗರು ಉದುರಿದ ಕಾಯಿ ಹೆಕ್ಕುವುದು. ವಾಕ್ಯಗಳು ತಾವಾಗೇ ಸಣ್ಣದಾದವು. ಬೀಳುವುದನ್ನು ಬರೆಯಲೇ ಇಲ್ಲ. ಹಗ್ಗ ಸಡಿಲವಾಯಿತು ಅಂತಷ್ಟೇ ಬರೆದೆ. ಸುದ್ದಿ ಅಡುಗೆಮನೆಗೆ ಬರುವುದು ಅಮ್ಮನ ಮಾತಿನಲ್ಲಿ: ‘ಗೌಡ ಹೋದ್ನಡ.’ ಹವ್ಯಕರ ಮನೆಮಾತಿನ ಆ ‘ಅಡ’, ಅಂದರೆ ‘ಅಂತೆ’. ನಮ್ಮದೇ ತೋಟದಲ್ಲಿ ನಡೆದ ಸಾವನ್ನು ಯಾರದೋ ಊರಿನ ಸುದ್ದಿಯಷ್ಟು ದೂರ ಇಡುವ ಒಂದಕ್ಷರ.

ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ, ಸುಲಿದು ಬೇಯಿಸಲೇಬೇಕು. ಹಾಗಾಗಿ ಕಥೆಯ ಕೊನೆಯಲ್ಲಿ ಆ ರಾತ್ರಿಯೂ ಮೆಟ್ಟುಗತ್ತಿ ಹಾಕಿಕೊಂಡು ಎಲ್ಲರೂ ಸುಲಿಯಲು ಕೂರುತ್ತಾರೆ. ಅಷ್ಟೇ.

ಗೆಳೆಯನಿಗೆ ಮತ್ತೆ ಓದಿದೆ. ಅವನು ಶೇಂಗಾ ಪೊಟ್ಟಣ ಮಡಚಿ ಸುಮ್ನೆ ಕೂತಿದ್ದ. ಆಮೇಲೆ, ಮೂರನೇ ಪುಟದಲ್ಲಿ ಒಂದು ‘ಪಾಪ’ ಉಳಿದಿದೆ, ತೆಗಿ ಅಂದ. ಎರಡು ಸಲ ತೆಗೆದಿದ್ದೇನೆ. ಎರಡು ಸಲವೂ ಮತ್ತೆ ಸೇರಿಸಿದ್ದೇನೆ.