ಮುರುಗಲು ಸಿಪ್ಪೆ ಬೂಷ್ಟು ಹಿಡಿಯದಂತೆ ಒಣಗಿಸಲು

ಮುರುಗಲು (ದಕ್ಷಿಣ ಕನ್ನಡದವರ ಪುನರ್ಪುಳಿ) ಮಳೆ ಹಿಡಿಯುವ ಮೊದಲೇ ಕೊಯ್ದು ಮುಗಿಸಿ. ಕಡುಗೆಂಪಾಗಿ, ಒತ್ತಿದರೆ ತುಸು ಮೆತ್ತಗಾಗುವ ಹಣ್ಣೇ ಬೇಕು. ಹಸಿರು ಉಳಿದದ್ದರಲ್ಲಿ ಬಣ್ಣ ಬರುವುದಿಲ್ಲ. ತೊಳೆದು, ಒರೆಸಿ, ಎರಡು ಹೋಳು ಮಾಡಿ ಬೀಜ-ತಿರುಳು ತೆಗೆಯಿರಿ. ಅದನ್ನು ದಯವಿಟ್ಟು ಎಸೆಯಬೇಡಿ! ಒಂದು ಕೆಜಿ ಸಿಪ್ಪೆಗೆ 100 ಗ್ರಾಂ ಕಲ್ಲುಪ್ಪಿನ ಲೆಕ್ಕದಲ್ಲಿ ಆ ತಿರುಳಿಗೆ ಬೆರೆಸಿಟ್ಟರೆ ರಸ ಬಿಡುತ್ತದೆ. ರಾತ್ರಿ ಸಿಪ್ಪೆಯನ್ನು ಆ ರಸದಲ್ಲಿ ನೆನೆಹಾಕಿ, ಹಗಲು ಬಿಸಿಲಿಗೆ ಹರಡಿ. ನಾಲ್ಕೈದು ದಿನ ಹೀಗೆಯೇ. ಆಮೇಲೆ ನೆನೆಸದೆ ಬರಿ ಬಿಸಿಲು. ಸಿಪ್ಪೆ ಕಪ್ಪಾಗಿ, ಮಡಚಿದರೆ ಚರ್ಮದಂತೆ ಬಾಗಬೇಕು. ಬೂಷ್ಟು ಶುರುವಾಗುವುದು ಸುರುಟಿದ ಅಂಚಿನ ಒಳಗೆ, ಅಲ್ಲಿ ಬೆರಳಿಟ್ಟು ನೋಡಿ. ಅಲ್ಯೂಮಿನಿಯಂ ಪಾತ್ರೆಯನ್ನು ಹುಳಿ ತಿನ್ನುತ್ತದೆ, ಭರಣಿಯೇ ಸರಿ. ಬೀಜವನ್ನೂ ಒಣಗಿಸಿಡಿ, ಹಿಮ್ಮಡಿ ಒಡಕಿಗೆ ಹಚ್ಚುವ ಮುರುಗಲು ತುಪ್ಪ ಬರುವುದು ಅದರಿಂದಲೇ.