ಒಂದೇ ಆಕ್ಸಲ್‌ನಲ್ಲಿ ಎರಡು ಮಾಡೆಲ್ ಟೈರ್: ನನ್ನ ಅನುಭವ

ಪಂಕ್ಚರ್ ಆದರೆ ಪ್ಯಾಚ್ ಹಾಕಿಸಬಹುದು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಹರಿದರೆ ಆ ಟೈರ್ ಮುಗಿಯಿತು ಎಂದೇ ಲೆಕ್ಕ. ನನ್ನ ಕಾರಿನ ಮುಂದಿನ ಎಡ ಟೈರ್ ಹಾಗೆ ಹೋಯಿತು. ಉಳಿದ ಮೂರರಲ್ಲೂ ಇನ್ನೂ ಸಾಕಷ್ಟು ಆಯಸ್ಸು ಇತ್ತು. ಅದೇ ಮಾಡೆಲ್ ಹುಡುಕಿದೆ, ಆದರೆ ಅದು ಬರುವುದೇ ನಿಂತುಹೋಗಿತ್ತು. "ಸೈಜ್ ಒಂದೇ ಇದ್ರೆ ಆಯ್ತಲ್ವಾ ಸಾರ್, ಬೇರೆ ಮಾಡೆಲ್ ಹಾಕ್ಕೊಳ್ಳಿ" ಎಂದರು ಅಂಗಡಿಯವರು. ನನ್ನ ಸ್ಟೆಪ್ನಿ ಹೇಗೂ ಬೇರೆ ಮಾಡೆಲ್‌ದು, ಬಳಸದೆ ಇದ್ದದ್ದು. ದುಡ್ಡು ಬಿಚ್ಚುವ ಮೊದಲು ಅದನ್ನೇ ಹಾಕಿ ನೋಡಿದೆ.

ಎರಡರ ಮೇಲೂ ಇದ್ದ ಅಂಕಿ ಒಂದೇ: 185/65 ಆರ್15 88ಎಚ್. ಅಗಲ 185 ಮಿ.ಮೀ., ಸೈಡ್‌ವಾಲ್ ಎತ್ತರ ಅಗಲದ ಶೇ. 65, ಆರ್ ಅಂದರೆ ರೇಡಿಯಲ್ ಎಂಬ ರಚನೆ, ರಿಮ್ 15 ಇಂಚು. 88 ಅಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ. ಇಷ್ಟೇ. ರಬ್ಬರ್ ಎಷ್ಟು ಮೆತ್ತಗಿದೆ, ಸೈಡ್‌ವಾಲ್ ಎಷ್ಟು ಬಿಗಿ, ನೀರು ಹೊರಹಾಕುವ ತೋಡುಗಳು ಹೇಗಿವೆ ಎಂಬ ಒಂದು ಮಾತೂ ಅಲ್ಲಿಲ್ಲ. ಬೇರೆ ಬೇರೆ ಮಾಡೆಲ್‌ಗಳಲ್ಲಿ ನಿಜವಾದ ವ್ಯಾಸವೂ ಕೆಲವು ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ.

ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕು ಅನಿಸಿತು. ಮುಂದಿನ ಎರಡೂ ಟೈರ್ ತಣ್ಣಗಿದ್ದಾಗ ಗಾಳಿ ಸಮ ಮಾಡಿದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎರಡೂ ಟೈರ್ ನೆಲಕ್ಕೆ ತಾಗುವ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸ್ಟೀರಿಂಗ್ ನೆಟ್ಟಗಿಟ್ಟು, ಒಂದು ಚಕ್ರ ಐದು ಸುತ್ತು ಮುಗಿಸುವವರೆಗೆ ಗಾಡಿ ತಳ್ಳಿದೆವು. ಸವೆದ ಬಲ ಟೈರಿನ ಗೆರೆ ಸರಿಯಾಗಿ ಕೆಳಗೆ ಬಂದು ನಿಂತಿತ್ತು. ಸ್ಟೆಪ್ನಿಯ ಗೆರೆ ಇನ್ನೂ ನೆಲ ಮುಟ್ಟಿರಲಿಲ್ಲ, ಒಂದು ಕೈ ಅಗಲದಷ್ಟು ಹಿಂದೆ ಉಳಿದಿತ್ತು. ಹಳೆಯದರಲ್ಲಿ ಟ್ರೆಡ್, ಅಂದರೆ ನೆಲಕ್ಕೆ ತಾಗುವ ರಬ್ಬರಿನ ತೋಡುಗಳ ಆಳ, 5 ಮಿ.ಮೀ., ಸ್ಟೆಪ್ನಿಯಲ್ಲಿ 8. ಆಳದಲ್ಲಿ 3 ಮಿ.ಮೀ. ಅಂದರೆ ವ್ಯಾಸದಲ್ಲಿ 6. ಈ ಸೈಜಿನ ಟೈರ್ ವ್ಯಾಸ ಸುಮಾರು 621 ಮಿ.ಮೀ. ಆದ್ದರಿಂದ ಹೆಚ್ಚುಕಡಿಮೆ ಶೇ. 1ರ ವ್ಯತ್ಯಾಸ. ಒಂದು ಕಿ.ಮೀ.ಗೆ ಐದು ಸುತ್ತಿನಷ್ಟು.

ನೆಟ್ಟಗಿನ ರಸ್ತೆಯಲ್ಲೂ ಈ ವ್ಯತ್ಯಾಸವನ್ನು ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ನುಂಗಿಕೊಳ್ಳಬೇಕು. ಸಾಮಾನ್ಯ ಡಿಫರೆನ್ಷಿಯಲ್ ಇಷ್ಟನ್ನು ಕೆಲವು ದಿನ ತಾಳಿಕೊಳ್ಳುತ್ತದೆ. ಆ ವೇಗದ ವ್ಯತ್ಯಾಸಕ್ಕೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಮಾತು ಬೇರೆ, ಒಳಗಿನ ಪ್ಲೇಟುಗಳು ಸುಮ್ನೆ ಉಜ್ಜಿಕೊಂಡು ಬಿಸಿಯಾಗುತ್ತವೆ. ಕೆಲವು ಕಾರುಗಳು ಚಕ್ರದ ವೇಗ ಹೋಲಿಸಿಯೇ ಗಾಳಿ ಕಡಿಮೆಯಾಗಿದೆ ಎಂದು ಹೇಳುತ್ತವೆ. ಅಲ್ಲಿ ಚಿಕ್ಕ ಟೈರ್ ಬೇಗ ತಿರುಗುವುದರಿಂದ ಗಾಳಿ ಸರಿಯಿದ್ದರೂ ಲೈಟ್ ಹತ್ತಬಹುದು.

ಒಣ ರಸ್ತೆಯಲ್ಲಿ ನಿಧಾನಕ್ಕೆ ಹೋದಾಗ ನನಗೆ ಏನೂ ಗೊತ್ತಾಗಲಿಲ್ಲ. ಬಹಳ ಜನ ಇಲ್ಲಿಗೇ ಸಮಾಧಾನ ಮಾಡಿಕೊಳ್ಳುತ್ತಾರೆ. ಮಳೆ ನಿಂತ ಮೇಲೆ, ಖಾಲಿ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ, ಸ್ಟೀರಿಂಗ್ ಹಗುರವಾಗಿ ಹಿಡಿದು ಬ್ರೇಕ್ ಒತ್ತಿದೆ. ಗಾಡಿ ಎಡಕ್ಕೆ ವಾಲಿತು. ಎಡಗಡೆ ಇದ್ದದ್ದು ಸ್ಟೆಪ್ನಿ. ಟ್ರೆಡ್ ಆಳವಿದ್ದ ಕಡೆ ಹಿಡಿತ ಜಾಸ್ತಿ, ಆ ಕಡೆಗೇ ಎಳೆತ. ಚಕ್ರಗಳ ಅಲೈನ್‌ಮೆಂಟ್ (ಕೋನದ ಹೊಂದಾಣಿಕೆ) ತಪ್ಪಿರಬಹುದಾ ಎಂಬ ಅನುಮಾನ ಬೇಡವೆಂದು ಎರಡನ್ನೂ ಅದಲುಬದಲು ಮಾಡಿದೆ. ಈ ಸಲ ಬಲಕ್ಕೆ ಎಳೆಯಿತು. ಹಾಗಾದರೆ ಕಾರಣ ಟೈರೇ. ಒಂದು ಮಾತು: ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರ್‌ಗಳನ್ನು ಹೀಗೆ ಎಡ ಬಲ ಬದಲಿಸುವ ಹಾಗಿಲ್ಲ.

ಹೊಸ ಜೋಡಿ ಬರುವವರೆಗೆ ಏನು ಮಾಡುವುದು? ನನ್ನದು ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು. ತಿರುಗಿಸುವುದು, ಎಳೆಯುವುದು, ಬ್ರೇಕಿನ ಹೆಚ್ಚಿನ ಭಾರ, ಎಲ್ಲವೂ ಮುಂದಿನ ಟೈರ್‌ಗಳ ಮೇಲೆ. ಹಾಗಾಗಿ ಹಿಂದಿನ ಹಳೆಯದೊಂದನ್ನು ಮುಂದಕ್ಕೆ ತಂದು ಅಲ್ಲಿ ಜೋಡಿ ಸರಿ ಮಾಡಿದೆ, ಸ್ಟೆಪ್ನಿಯನ್ನು ಹಿಂದೆ ಹಾಕಿದೆ. ಇದು ತಾತ್ಕಾಲಿಕ ವ್ಯವಸ್ಥೆ ಅಷ್ಟೇ. ಹಿಂದೆ ಎಡ ಬಲ ಹಿಡಿತ ಬೇರೆಯಿದ್ದರೂ ಅಪಾಯವೇ, ಅದಕ್ಕೇ ಹೆದ್ದಾರಿಗೆ ಇಳಿಯಲಿಲ್ಲ, ಮಳೆಯಲ್ಲಿ ಗಾಡಿ ತೆಗೆಯಲೂ ಇಲ್ಲ.

ಕೊನೆಗೆ ಒಂದೇ ಮಾಡೆಲ್‌ನ ಎರಡು ಟೈರ್ ತಂದೆ. ಅಂಗಡಿಯಲ್ಲಿ ಅವನ್ನು ಮುಂದೆ ಹಾಕಲು ಹೊರಟಿದ್ದರು, ಹಿಂದೆ ಹಾಕಿಸಿದೆ. ಮುಂದಿನ ಟೈರ್ ಜಾರಿದರೆ ಸ್ಟೀರಿಂಗ್‌ನಲ್ಲಿ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ತಿರುಗಿಬಿಡುತ್ತದೆ. ಅದಕ್ಕೇ ಟೈರ್ ಕಂಪನಿಗಳೂ ಹೊಸ ಜೋಡಿ ಹಿಂದಕ್ಕೆ ಎನ್ನುತ್ತವೆ. ಮಿಕ್ಕ ಹಳೆಯದೊಂದು ಈಗ ಮುಂದಿನ ಜೋಡಿಗೆ ಹೊಂದುವ ಸ್ಟೆಪ್ನಿ.

ಎಲ್ಲ ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿಗೆ ನನ್ನ ದಾರಿ ಸಾಲದು. ಅಲ್ಲಿ ಮುಂದಿನ, ಹಿಂದಿನ ಜೋಡಿಗಳ ಸುತ್ತಳತೆಯೂ ಹೊಂದಬೇಕು, ಎಷ್ಟೋ ಸಲ ನಾಲ್ಕನ್ನೂ ಬದಲಿಸಬೇಕಾಗುತ್ತದೆ. ಜೋಡಿ ಕೊಳ್ಳುವಾಗ ನಾನು ತಯಾರಿಕೆಯ ನಾಲ್ಕು ಅಂಕಿಯನ್ನೂ ನೋಡುತ್ತೇನೆ: 2319 ಅಂದರೆ 2019ರ 23ನೇ ವಾರ. ಒಂದು ಟೈರ್ ಈ ವರ್ಷದ್ದು, ಇನ್ನೊಂದು ಗೋದಾಮಿನಲ್ಲಿ ಮೂರು ವರ್ಷ ಕೂತದ್ದು ಆದರೆ ವಾಪಸ್ ಕೊಟ್ಟು ಬೇರೆ ಕೇಳುತ್ತೇನೆ.