ಸ್ಲಿಪ್ ಡಿಸ್ಕ್: ಹಾಸಿಗೆಯಿಂದ ನಡಿಗೆಯವರೆಗೆ

ಬಗ್ಗಿ ನೀರಿನ ಕ್ಯಾನ್ ಎತ್ತುವಾಗ ಸೊಂಟದಲ್ಲಿ ಚಳುಕು ಹೊಡೆದು, ಮುಂದಿನ ಕೆಲವು ದಿನಗಳಲ್ಲಿ ಆ ನೋವು ಒಂದು ಕಡೆಯ ಪೃಷ್ಠ, ತೊಡೆಯ ಹಿಂಭಾಗ ಮತ್ತು ಮೀನಖಂಡದ ಮೂಲಕ ಪಾದದವರೆಗೆ ಇಳಿದರೆ ಅದು ಬಹುತೇಕ ಸಯಾಟಿಕಾ ಆಗಿರುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರಿದೆ. ಬೆನ್ನುಮೂಳೆಯ ಕಶೇರುಗಳ ನಡುವಿನ ಡಿಸ್ಕ್‌ಗೆ ಗಟ್ಟಿ ನಾರಿನ ಹೊರಸುತ್ತೂ ಒಳಗೆ ಲೋಳೆಯಂಥ ತಿರುಳೂ ಇರುತ್ತವೆ. ಹೊರಸುತ್ತು ಬಿರುಕು ಬಿಟ್ಟಾಗ ತಿರುಳು ಆಚೆ ಚಾಚಿ ಪಕ್ಕದ ನರದ ಬೇರನ್ನು ಒತ್ತುತ್ತದೆ, ಅಲ್ಲಿ ಉರಿಯೂತವನ್ನೂ ಉಂಟುಮಾಡುತ್ತದೆ. ಇದನ್ನೇ ಸ್ಲಿಪ್ ಡಿಸ್ಕ್ ಎನ್ನುವುದು. ವರದಿಗಳಲ್ಲಿ ಎಲ್4–ಎಲ್5, ಎಲ್5–ಎಸ್1 ಎಂದು ಬರೆಯುವ ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲೇ ಈ ತೊಂದರೆ ಹೆಚ್ಚು. ಹೀಗೆ ಹೊರಬಂದ ತಿರುಳನ್ನು ದೇಹದ ರೋಗನಿರೋಧಕ ಕೋಶಗಳೇ ಕ್ರಮೇಣ ಕರಗಿಸುತ್ತವೆ. ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ನೋವು ಗಣನೀಯವಾಗಿ ತಗ್ಗುತ್ತದೆ.

ಮೊದಲು ಅಪಾಯದ ಲಕ್ಷಣಗಳನ್ನು ನೋಡಿಕೊಳ್ಳಬೇಕು. ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಎರಡೂ ಕಾಲುಗಳಲ್ಲಿ ಬಲ ಕುಂದುವುದು – ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗಿದೆ ಎಂದು ಬೆಳಗಿನವರೆಗೆ ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಲೇಬೇಕು. ನೋವು ಸ್ವಲ್ಪ ತಗ್ಗಿದ ಮೇಲೆ ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಪಾದ ಮೇಲೇಳದಿದ್ದರೆ ಅಥವಾ ಹಿಮ್ಮಡಿ ಎತ್ತಲಾಗದಿದ್ದರೆ ಆ ನರ ದುರ್ಬಲವಾಗಿರುವ ಸಾಧ್ಯತೆಯಿದೆ. ತಡಮಾಡದೆ ವೈದ್ಯರನ್ನು ಕಾಣಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು ಇವನ್ನೂ ವೈದ್ಯರಿಂದ ಮುಚ್ಚಿಡಬಾರದು.

ಇವು ಯಾವುವೂ ಇಲ್ಲವಾದರೆ ಒಂದೆರಡು ದಿನಗಳ ವಿಶ್ರಾಂತಿ ಸಾಕು. ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಆದರೆ ದೀರ್ಘಕಾಲ ಮಲಗಿದರೆ ಸ್ನಾಯುಗಳು ಸೊರಗಿ, ಚಲನೆಯ ಭಯ ಬೆಳೆದು, ಚೇತರಿಕೆ ಇನ್ನಷ್ಟು ಹಿಂದೆ ಬೀಳುತ್ತದೆ. ಮಲಗುವಾಗ ಅಂಗಾತವಾಗಿದ್ದರೆ ಮಂಡಿಗಳ ಕೆಳಗೆ, ಮಗ್ಗುಲಾಗಿದ್ದರೆ ಮಂಡಿಗಳ ನಡುವೆ ದಿಂಬನ್ನಿಟ್ಟುಕೊಳ್ಳಿ. ಏಳುವಾಗ ನೇರವಾಗಿ ತಲೆಯೆತ್ತಿ ಕೂರಬಾರದು: ಮೊದಲು ಮಂಡಿ ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ಹೊರಳುವಂತೆ ಮಗ್ಗುಲಿಗೆ ತಿರುಗಿ, ಕಾಲುಗಳನ್ನು ಮಂಚದ ಅಂಚಿನಿಂದ ಕೆಳಗೆ ಬಿಡುತ್ತಲೇ ಮೊಣಕೈ ಮತ್ತು ಅಂಗೈ ಊರಿ ಮೇಲೇಳಬೇಕು. ಸೀನು ಬಂದಾಗ ಮುಂದೆ ಬಗ್ಗದೆ, ಗೋಡೆಗೋ ಮೇಜಿಗೋ ಕೈಕೊಟ್ಟು ಮಂಡಿಗಳನ್ನು ಸ್ವಲ್ಪ ಸಡಿಲಿಸಿಕೊಳ್ಳಿ.

ಆಮೇಲಿನ ಮುಖ್ಯ ಔಷಧವೇ ನಡಿಗೆ. ಮನೆಯೊಳಗೆ ಐದು ನಿಮಿಷ, ದಿನಕ್ಕೆ ಹಲವು ಬಾರಿ ಎಂದು ಆರಂಭಿಸಿ, ಮರುದಿನದ ನೋವನ್ನು ನೋಡಿಕೊಂಡು ಹೆಚ್ಚಿಸುತ್ತಾ ಹೋಗಿ. ಇಲ್ಲಿ ನೋವು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿಯವರೆಗೆ ಇಳಿದಿದೆ ಎನ್ನುವುದನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಪಾದದ ನೋವು ಮಂಡಿಗೆ, ಮಂಡಿಯದು ಪೃಷ್ಠಕ್ಕೆ ಹಿಮ್ಮೆಟ್ಟಿದರೆ, ಆ ಹೊತ್ತಿಗೆ ಸೊಂಟದ ನೋವು ತುಸು ಹೆಚ್ಚಿದ್ದರೂ, ಅದು ಒಳ್ಳೆಯ ಸೂಚನೆ. ಯಾವುದೇ ವ್ಯಾಯಾಮದ ನಂತರ ನೋವು ಮತ್ತೆ ಪಾದದತ್ತ ಇಳಿದರೆ ಅದನ್ನು ನಿಲ್ಲಿಸಬೇಕು. ಬೋರಲು ಮಲಗಿ ಮೊಣಕೈಗಳ ಮೇಲೆ ಎದೆಯೆತ್ತುವ, ಅಂದರೆ ಭುಜಂಗಾಸನದ ಮೊದಲ ಹಂತದಂಥ ಚಲನೆ ಅನೇಕರಿಗೆ ಹಿತವಾಗುತ್ತದೆ, ಎಲ್ಲರಿಗೂ ಅಲ್ಲ. ಫಿಸಿಯೋಥೆರಪಿಸ್ಟ್ ಎದುರು ಒಮ್ಮೆ ಮಾಡಿ ತೋರಿಸಿ. ಮುಂದೆ ಬಗ್ಗುವ ಪಾದಹಸ್ತಾಸನ, ಪಶ್ಚಿಮೋತ್ತಾನಾಸನಗಳನ್ನು ಆರಂಭದ ವಾರಗಳಲ್ಲಿ ಖಂಡಿತ ಮಾಡಬಾರದು. ನರ ಸರಿಮಾಡುತ್ತೇವೆಂದು ಸೊಂಟವನ್ನು ಜಗ್ಗಿ ತಿರುಚುವವರ ಬಳಿಗೂ ಹೋಗಬೇಡಿ.

ಕೂರುವುದು ಕಾಲಿನ ನೋವನ್ನು ಸಾಮಾನ್ಯವಾಗಿ ಹೆಚ್ಚಿಸುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ನೆಲದ ಮೇಲೆ ಕೂತು ಮಾಡುವ ಕೆಲಸಗಳನ್ನೂ, ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಸವಾರಿಯನ್ನೂ ಕೆಲಕಾಲ ಬಿಡಿ.

ಎಂಆರ್‌ಐ ಎಲ್ಲರಿಗೂ ಮೊದಲ ವಾರದಲ್ಲೇ ಬೇಕಿಲ್ಲ. ನೋವೇ ಇಲ್ಲದ ನಲವತ್ತರ ಆಸುಪಾಸಿನವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಆದ್ದರಿಂದ ವರದಿಯ ಭಾಷೆ ಓದಿ ಧೈರ್ಯಗೆಡಬಾರದು. ನೋವಿನ ಮಾತ್ರೆಗಳನ್ನು, ವಿಶೇಷವಾಗಿ ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಅಥವಾ ಹೊಟ್ಟೆಹುಣ್ಣು ಇರುವವರು, ಅಂಗಡಿಯಿಂದ ತಾವಾಗಿಯೇ ತಂದು ನುಂಗುವುದು ಅಪಾಯಕಾರಿ.

ಆರೇಳು ವಾರ ಕಳೆದರೂ ಕಾಲಿನ ನೋವು ನಿದ್ದೆಗೆಡಿಸುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನೆದರ್ಲೆಂಡ್ಸ್‌ನಲ್ಲಿ ತೀವ್ರ ಸಯಾಟಿಕಾ ಇದ್ದ 283 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಕಾಲುನೋವು, ಮೊದಲು ಕಾದು ನೋಡಿದ ಗುಂಪಿನವರಿಗಿಂತ ಬೇಗ ಇಳಿಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಶೇ 95ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲೂ ಶೇ 39ರಷ್ಟು ಮಂದಿ ಆ ವರ್ಷದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು ಎಂಬುದನ್ನೂ ಹೇಳಬೇಕು. ಹಾಗಾಗಿ ಬಲಹೀನತೆ ಇಲ್ಲದವರಿಗೆ ಇದು ಸಹನೆ, ಕೆಲಸ ಮತ್ತು ಖರ್ಚುಗಳನ್ನು ತೂಗಿ ವೈದ್ಯರೊಡನೆ ಮಾಡಬೇಕಾದ ಆಯ್ಕೆ.

ನೋವು ಹೋದ ಕೂಡಲೇ ತುಂಬಿದ ಗ್ಯಾಸ್ ಸಿಲಿಂಡರಿಗೆ ಕೈಹಾಕಬೇಡಿ. ಅದು ಸುಮಾರು 30 ಕಿಲೋ ತೂಗುತ್ತದೆ. ಅರ್ಧ ಬಕೆಟ್ ನೀರಿನಿಂದ ಆರಂಭಿಸಿ, ವಸ್ತುವನ್ನು ಮೈಗೆ ಹತ್ತಿರ ಹಿಡಿದು, ಎತ್ತಿಕೊಂಡಾಗ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ. ಪಾದದ ಜೋಮು ನೋವಿಗಿಂತ ತಡವಾಗಿ, ಕೆಲವೊಮ್ಮೆ ತಿಂಗಳುಗಳ ನಂತರ ಹೋಗುತ್ತದೆ. ಅದು ಹರಡದೆ, ಕಾಲಿನ ಬಲ ಕುಂದದೆ ಇದ್ದರೆ ನಡಿಗೆಯನ್ನು ಮುಂದುವರಿಸಬಹುದು.